ಪಾದರಸ, ಡಿಜಿಟಲ್, ಕಿವಿ, ಹಣೆ: ಮನೆಗೆ ಯಾವ ಥರ್ಮಾಮೀಟರ್?

ಮನೆಯಲ್ಲಿ ಒಂದೇ ಥರ್ಮಾಮೀಟರ್ ಇಡುವುದಾದರೆ ತುದಿ ಬಾಗುವ, ತೊಳೆದರೂ ಕೆಡದ ಡಿಜಿಟಲ್ ಕಡ್ಡಿ ಇಡಿ. ನಾಲ್ಕು ಬಗೆಯನ್ನೂ ಒಂದೇ ಹೊತ್ತಿನಲ್ಲಿ ಒಬ್ಬರ ಮೈಗೇ ಇಟ್ಟು ನೋಡಿ ಹೇಳುವ ಮಾತಿದು. ನಾಲ್ಕೂ ಬೇರೆ ಬೇರೆ ಅಂಕಿ ತೋರಿಸುತ್ತವೆ. ಅದಕ್ಕೆ ಯಂತ್ರಕ್ಕಿಂತ ಹೆಚ್ಚಾಗಿ ಅಳೆದ ಜಾಗ, ಅಳೆದ ರೀತಿಯೇ ಕಾರಣ.

ಡಿಜಿಟಲ್ ಕಡ್ಡಿ ಬಾಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಕಂಕುಳಲ್ಲಿ ಅವಸರ ಮಾಡುತ್ತದೆ. ಏರಿಕೆ ನಿಧಾನವಾದ ಕೂಡಲೇ ಬೀಪ್ ಅನ್ನುವುದು ಅದರ ಸ್ವಭಾವ. ತೋಳು ಎತ್ತಿದಾಗ ಕಂಕುಳು ಸ್ವಲ್ಪ ತಣ್ಣಗಾಗಿರುತ್ತದೆ, ಮತ್ತೆ ಬೆಚ್ಚಗಾಗುವ ಮೊದಲೇ ಬೀಪ್ ಬಂದುಬಿಡುತ್ತದೆ. ಹಾಗಾಗಿ ಬೆವರು ಒರೆಸಿ, ತೋಳನ್ನು ಐದು ನಿಮಿಷ ಮೈಗೆ ಒತ್ತಿಕೊಂಡಿದ್ದು, ಆಮೇಲೆ ಕಡ್ಡಿಯ ತುದಿಯನ್ನು ಕಂಕುಳ ಗುಳಿಯ ನಡುವೆ ಇಡಿ. ಬೀಪ್ ಬಂದರೂ ತೆಗೆಯದೆ ಇನ್ನೂ ಎರಡು ಮೂರು ನಿಮಿಷ ಬಿಡಿ, ಅಂಕಿ ಮೇಲೇರುವುದು ಕಣ್ಣಿಗೇ ಕಾಣುತ್ತದೆ. ಇಷ್ಟಾದರೂ ಕಂಕುಳಿನ ಅಂಕಿ ಬಾಯಿಯದಕ್ಕಿಂತ ಸಾಮಾನ್ಯವಾಗಿ ಅರ್ಧದಿಂದ ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆಯೇ. ಬಾಯಲ್ಲಿ 100.4 ಜ್ವರವಾದರೆ, ಕಂಕುಳಲ್ಲಿ 99.5 ದಾಟಿದರೇ ಜ್ವರ ಎನ್ನಿ. ಕೂಡಿಸಿ ಕಳೆಯುವ ಗೋಜಿಗೆ ಹೋಗದೆ, ಅಂಕಿಯ ಪಕ್ಕ ‘ಬಾಯಿ’ ಅಥವಾ ‘ಕಂಕುಳು’ ಎಂದು ಬರೆದಿಟ್ಟರೆ ಡಾಕ್ಟರಿಗೆ ಸಾಕು.

ಬಾಯಲ್ಲಾದರೆ ತುದಿ ನಾಲಿಗೆಯ ಬುಡದ ಹತ್ತಿರ, ಒಂದು ಬದಿಗಿರುವ ಗುಂಡಿಯಲ್ಲಿ ಕೂರಬೇಕು, ತುಟಿ ಮುಚ್ಚಿರಬೇಕು. ಕಾಫಿ, ಐಸ್‌ಕ್ರೀಮ್ ಏನೇ ತಿಂದು ಕುಡಿದಿದ್ದರೂ ಅರ್ಧ ಗಂಟೆ ಕಾಯಿರಿ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವವರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ ಬಾಯಿ ಬೇಡ.

ಪಾದರಸದ ಗಾಜಿನ ಕಡ್ಡಿಯ ನಿಖರತೆಯಲ್ಲಿ ಕೊರತೆಯಿಲ್ಲ, ಶೆಲ್ಲೂ ಬೇಕಿಲ್ಲ. ಆದರೆ ಬುರುಡೆಯ ಮೇಲೆ ನಳಿಕೆ ಕಿರಿದಾಗಿರುವುದರಿಂದ ಏರಿದ ಪಾದರಸ ತಾನಾಗಿ ಇಳಿಯುವುದಿಲ್ಲ. 95ರ ಕೆಳಗೆ ಕೊಡವದಿದ್ದರೆ ನಿನ್ನೆಯ ಜ್ವರವನ್ನೇ ಇವತ್ತೂ ಓದುತ್ತೀರಿ. ಬಾಯಲ್ಲಿ ಮೂರು ನಿಮಿಷ, ಕಂಕುಳಲ್ಲಿ ಐದಾದರೂ ಬೇಕು. ಒಡೆದರೆ ಪೊರಕೆ, ವ್ಯಾಕ್ಯೂಮ್ ಮುಟ್ಟಬೇಡಿ, ಹನಿಗಳು ಇನ್ನಷ್ಟು ಚೂರಾಗಿ ಆವಿ ಹೆಚ್ಚುತ್ತದೆ. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆದು, ಕೈಗವಸು ಹಾಕಿ, ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟುಗೂಡಿಸಿ, ಉಳಿದ ಸಣ್ಣವನ್ನು ಅಂಟು ಟೇಪಿಗೆ ಹಿಡಿಸಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಸಿಂಕಿಗೆ ಸುರಿಯಲೇಬಾರದು. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ 2013ರ ಮಿನಮಾಟಾ ಒಪ್ಪಂದ ಇದರ ತಯಾರಿಕೆಗೆ 2020ರ ಗಡುವು ಹಾಕಿದ್ದು ಸುಮ್ಮನೆ ಅಲ್ಲ. ಹೊಸದಾಗಿ ಕೊಳ್ಳಬೇಡಿ.

ಕಿವಿಯ ಥರ್ಮಾಮೀಟರ್ ಒಂದೆರಡು ಸೆಕೆಂಡಿನ ಕೆಲಸ, ಅಳುವ ಮಗುವಿಗೆ ದೊಡ್ಡ ಅನುಕೂಲ. ಆದರೆ ಅದು ಕಿವಿಯ ತಮಟೆಯನ್ನು ನೇರವಾಗಿ ನೋಡಬೇಕು. ವರ್ಷ ದಾಟಿದವರಿಗೆ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಅದಕ್ಕಿಂತ ಚಿಕ್ಕವರಿಗೆ ನೇರ ಹಿಂದಕ್ಕೆ ಎಳೆದು ಅಳೆಯಿರಿ. ಗುಗ್ಗೆ ತುಂಬಿದ್ದರೆ, ಲೆನ್ಸ್ ಮಸುಕಾಗಿದ್ದರೆ ಅಂಕಿ ಕಡಿಮೆ ಬರುತ್ತದೆ. ಒತ್ತಿ ಮಲಗಿದ್ದ ಕಿವಿ ಬೆಚ್ಚಗಿರುವುದರಿಂದ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಆರು ತಿಂಗಳೊಳಗಿನ ಕೂಸಿಗೆ ಇದನ್ನು ನೆಚ್ಚಬೇಡಿ.

ಹಣೆಯ ಗನ್ನಿನ ಮೇಲೆ ನಮಗೆ ನಂಬಿಕೆ ಕಡಿಮೆ. ಫ್ಯಾನಿನ ಗಾಳಿ, ಬೆವರು, ಒದ್ದೆ ಬಟ್ಟೆ ಹಾಕಿದ ಹಣೆ, ಬಿಸಿಲಿನಿಂದ ಆಗಷ್ಟೇ ಬಂದ ಮೈ, ಎಲ್ಲವೂ ಅಂಕಿಯನ್ನು ಅತ್ತಿತ್ತ ಎಳೆಯುತ್ತವೆ. ಚಳಿ ಹತ್ತಿ ನಡುಗುವಾಗ ಚರ್ಮದ ರಕ್ತನಾಳ ಮುದುಡಿ ಹಣೆ ತಣ್ಣಗಿರುತ್ತದೆ, ಒಳಗೆ ಜ್ವರ ಏರುತ್ತಿರುತ್ತದೆ: ಗನ್ ತಪ್ಪುವುದು ಹೆಚ್ಚಾಗಿ ಅಲ್ಲೇ. ಗುಂಡಿ ‘ಸರ್ಫೇಸ್’ ಮೋಡಿನಲ್ಲಿದ್ದರೆ ಬರೀ ಚರ್ಮದ ಬಿಸಿ ತೋರಿಸುತ್ತದೆ, ‘ಬಾಡಿ’ಗೆ ತಿರುಗಿಸಿ. ದೂರ ಕಂಪನಿ ಹೇಳಿದಷ್ಟೇ ಇರಲಿ. ಮಲಗಿದ ಮಗುವನ್ನು ಎಬ್ಬಿಸದೆ ಒಮ್ಮೆ ನೋಡಲು ಸಾಕು, ಮಾತ್ರೆ ಕೊಡುವ ನಿರ್ಧಾರಕ್ಕೆ ಕಡ್ಡಿಯನ್ನೇ ಇಡಿ.

ಯಾವುದನ್ನೇ ಇಟ್ಟುಕೊಳ್ಳಿ, ಬೆಳಗಿನ ಜಾವ ಮೈ ಬಿಸಿ ಕಡಿಮೆ, ಸಂಜೆಯ ಹೊತ್ತಿಗೆ ಹೆಚ್ಚು. ಹೋಲಿಸುವುದಾದರೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಅಳೆಯಿರಿ. ಪ್ಯಾರಾಸಿಟಮಾಲ್ ಕೊಡುವ ಮೊದಲು ಒಮ್ಮೆ, ಗಂಟೆ ಬಿಟ್ಟು ಒಮ್ಮೆ ನೋಡಿ ಬರೆದಿಡಿ. ಮೂರು ತಿಂಗಳೊಳಗಿನ ಕೂಸಿಗೆ ಕಂಕುಳಲ್ಲಿ 99ರ ಮೇಲೆ ಬಂದರೆ ಮನೆಯಲ್ಲಿ ಮಾತ್ರೆ, ಔಷಧಿ ಏನೂ ಬೇಡ, ರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ.