ಹುಬ್ಬಳ್ಳಿ–ಲಂಡನ್: ವಿಮಾನ ದೂರದ ಕ್ಯಾಲ್ಕುಲೇಟರ್ ಎಷ್ಟು ನಂಬಬೇಕು?

ಎರಡು ಊರಿನ ಹೆಸರು ಹಾಕಿದರೆ ವಿಮಾನದ ದೂರ ಮತ್ತು ಸಮಯ ತೋರಿಸುವ ಉಚಿತ ಕ್ಯಾಲ್ಕುಲೇಟರ್‌ಗಳು ಬೇಕಾದಷ್ಟಿವೆ. ಇವು ಹೇಳುವ ದೂರವನ್ನು ಧಾರಾಳವಾಗಿ ನಂಬಿ. ಸಮಯವನ್ನು ಮಾತ್ರ ಹಾಗೇ ನಂಬಿ ಟಿಕೆಟ್ ಮಾಡಿಸಬೇಡಿ.

ಹುಬ್ಬಳ್ಳಿಯಿಂದ ಲಂಡನ್ ಹೀಥ್ರೂಗೆ ದೂರ ಸುಮಾರು 7,680 ಕಿ.ಮೀ. ಭೂಮಿಯ ದುಂಡುಮೈ ಮೇಲಿನ ಅತಿ ಹತ್ತಿರದ ದಾರಿ ಇದು. ಊರಿನ ಹೆಸರಿಗಿಂತ ನಿಲ್ದಾಣದ ಕೋಡ್ ಎಚ್‌ಬಿಎಕ್ಸ್ ಹಾಕುವುದು ಒಳ್ಳೆಯದು. ಗದಗ, ಹಾವೇರಿ ಎಂದು ಹಾಕಿದರೂ ಕೆಲವು ಕ್ಯಾಲ್ಕುಲೇಟರ್‌ಗಳು ನಿಲ್ದಾಣವೇ ಇಲ್ಲದ ಊರಿಂದ ವಿಮಾನ ಹಾರಿಸಿಬಿಡುತ್ತವೆ. ಅಂಕಿಯ ಮುಂದೆ ಕಿ.ಮೀ. ಇದೆಯೋ, ನಾಟಿಕಲ್ ಮೈಲಿ ಇದೆಯೋ ನೋಡಿಕೊಳ್ಳಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ.

ನಿಜವಾದ ಉಪಯೋಗ ಇರುವುದು ದಾರಿಯನ್ನು ತುಂಡು ಮಾಡಿ ಹಾಕಿದಾಗ. ಬೆಂಗಳೂರಿನ ಮೇಲೆ ಹೋದರೆ 370 ಮತ್ತು 8,045, ಒಟ್ಟು 8,415 ಕಿ.ಮೀ. ಮುಂಬೈ ಮೇಲೆ 477 ಮತ್ತು 7,212, ಒಟ್ಟು 7,689. ಅಂದರೆ ಮುಂಬೈ ಬಹುತೇಕ ನೇರ ದಾರಿಯಲ್ಲೇ ಇದೆ, ಬೆಂಗಳೂರಿಗೆ ಹೋಗುವುದೆಂದರೆ ದಕ್ಷಿಣಕ್ಕೆ ಹಿಂದೆ ಸರಿದಂತೆ. ನಮ್ಮ ಭಾಗದವರು ಇದನ್ನು ಒಮ್ಮೆ ಲೆಕ್ಕ ಹಾಕಿ ನೋಡಲೇಬೇಕು.

ಸಮಯದಲ್ಲಿ ಎಡವುವುದು ಯಾಕೆ? ಬಹಳಷ್ಟು ಕ್ಯಾಲ್ಕುಲೇಟರ್‌ಗಳು ಎಲ್ಲ ವಿಮಾನಕ್ಕೂ ತಾಸಿಗೆ 800–900 ಕಿ.ಮೀ. ವೇಗ ಹಿಡಿದು, ಏರಲು ಇಳಿಯಲು ಅರ್ಧ ತಾಸು ಸೇರಿಸುತ್ತವೆ. ಎಟಿಆರ್ ಎಂಬ ಚಿಕ್ಕ ಪ್ರೊಪೆಲ್ಲರ್ ವಿಮಾನದ ವೇಗ ತಾಸಿಗೆ 500 ಕಿ.ಮೀ. ಆಸುಪಾಸು. ಹಾಗಾಗಿ ಅಂಥ ವಿಮಾನದಲ್ಲಿ ಬೆಂಗಳೂರಿಗೆ ಹಾರುವ ಹೊತ್ತು ಅವು ತೋರಿಸುವುದಕ್ಕಿಂತ ಹೆಚ್ಚು. ಎತ್ತರದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಲಂಡನ್‌ಗೆ ಹೋಗುವಾಗ ತಡ, ಬರುವಾಗ ಬೇಗ. ಕ್ಯಾಲ್ಕುಲೇಟರ್ ಎರಡಕ್ಕೂ ಒಂದೇ ಅಂಕಿ ಕೊಡುತ್ತದೆ. ಮುಚ್ಚಿದ ಆಕಾಶವೂ ಅದಕ್ಕೆ ಗೊತ್ತಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನ ಕಂಪನಿಗಳಿಗೆ ತನ್ನ ವಾಯುಪ್ರದೇಶ ಮುಚ್ಚಿದಾಗ, ದಿಲ್ಲಿಯಿಂದ ಯುರೋಪಿಗೆ ಹೋಗುವ ಅವುಗಳ ವಿಮಾನಗಳು ಸುತ್ತು ಹಾಕಬೇಕಾಯಿತು. ಕ್ಯಾಲ್ಕುಲೇಟರ್‌ನ ಗೆರೆ ಮಾತ್ರ ಇದ್ದಲ್ಲೇ ಇತ್ತು.

ವಿಮಾನ ಬದಲಿಸುವ ಹೊತ್ತನ್ನೂ ನೀವೇ ಸೇರಿಸಬೇಕು. ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಅಡ್ಡಿಯಿಲ್ಲ. ಬೇರೆ ಬೇರೆ ಇದ್ದರೆ ಬ್ಯಾಗ್ ತೆಗೆದುಕೊಂಡು, ಟರ್ಮಿನಲ್ ಬದಲಿಸಿ, ಮತ್ತೆ ಚೆಕ್‌ಇನ್ ಮಾಡಬೇಕು. ಅಂತರರಾಷ್ಟ್ರೀಯ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ, ಮೊದಲ ವಿಮಾನ ತಡವಾದರೆ ಎರಡನೇ ಟಿಕೆಟ್ ದುಡ್ಡು ಹೋದಂತೆಯೇ. ಇಂಥ ಟಿಕೆಟ್ ಇದ್ದರೆ ನಡುವೆ 5 ತಾಸು ಬಿಡಿ. ಮುಂಬೈ ದಾರಿ ಹತ್ತಿರವೆಂದರೂ ಅಲ್ಲಿ 9 ತಾಸು ಕಾಯಬೇಕಿದ್ದರೆ, ಬೆಂಗಳೂರಿನಲ್ಲಿ 4 ತಾಸಿನ ಒಂದೇ ಟಿಕೆಟ್ ಮೇಲು.

ಕೊನೆಗೆ ಗಡಿಯಾರದ ಲೆಕ್ಕ. ಟಿಕೆಟ್ ಮೇಲೆ ಇರುವುದು ಆಯಾ ಊರಿನ ಸಮಯ. ಲಂಡನ್ ನಮಗಿಂತ ಚಳಿಗಾಲದಲ್ಲಿ ಐದೂವರೆ ತಾಸು, ಬೇಸಿಗೆಯಲ್ಲಿ ನಾಲ್ಕೂವರೆ ತಾಸು ಹಿಂದೆ. ಜುಲೈನಲ್ಲಿ ಮುಂಬೈಯಿಂದ ರಾತ್ರಿ 2ಕ್ಕೆ ಹೊರಟು ಅಲ್ಲಿ ಬೆಳಿಗ್ಗೆ 7ಕ್ಕೆ ಇಳಿದರೆ ಅದು 5 ತಾಸಿನ ಪ್ರಯಾಣವಲ್ಲ, ಒಂಬತ್ತೂವರೆ ತಾಸಿನದು.