3+2 ಸಾಕಾ, ಪೂರ್ತಿ 5 ಆಕ್ಸಿಸ್ ಬೇಕಾ? ಒಂದೇ ಜಾಬ್ ಮೇಲೆ ಮಾಡಿ ನೋಡಿದ ಹೋಲಿಕೆ

5 ಆಕ್ಸಿಸ್ ಮಷಿನ್ (ಮೂರು ನೇರ ಚಲನೆಗಳ ಜೊತೆ ಎರಡು ತಿರುಗುವ ಚಲನೆಗಳೂ ಇರುವ, ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷಿನ್) ತಗೊಳ್ಳಬೇಕು ಅಂತಿರುವವರು ಮೊದಲು ನೋಡುವುದು ಟೂಲ್ ತಿರುಗಿಸುವ ಸ್ಪಿಂಡಲ್ ಎಷ್ಟು ಆರ್‌ಪಿಎಂ, ಟೇಬಲ್ ಎಷ್ಟು ದೊಡ್ಡದು ಅಂತ. ನಾನು ಮೊದಲು ಕೇಳುವುದು ಬೇರೆ. ನಿಮ್ಮ ಜಾಬ್‌ನಲ್ಲಿ (ಮಾಡಬೇಕಾದ ಭಾಗದಲ್ಲಿ) ಕಟಿಂಗ್ ನಡೆಯುತ್ತಿರುವಾಗಲೇ ಟೂಲ್ ವಾಲುತ್ತಾ ಹೋಗಬೇಕಾ? ಅಥವಾ ಜಾಬನ್ನು ಒಂದು ಕೋನಕ್ಕೆ ತಿರುಗಿಸಿ, ಲಾಕ್ ಮಾಡಿ, ಆಮೇಲೆ ಕಟ್ ಮಾಡಿದರೆ ಸಾಕಾ? ಮೊದಲನೆಯದು ಪೂರ್ತಿ 5 ಆಕ್ಸಿಸ್, ಎರಡನೆಯದು 3+2. ಮಷಿನ್, ಸಾಫ್ಟ್‌ವೇರ್ ಎರಡರ ಆಯ್ಕೆಯೂ ಇಲ್ಲಿಂದಲೇ ಶುರುವಾಗುತ್ತದೆ.

ಹೋಲಿಕೆಗೆ ನಾನು ಆರಿಸಿಕೊಂಡಿದ್ದು 6061 ಅಲ್ಯೂಮಿನಿಯಂನ ಒಂದು ವಾಲ್ವ್ ಹೌಸಿಂಗ್. ಅಂಗೈ ಮೇಲೆ ಕೂರುವಷ್ಟು ದೊಡ್ಡದು. ಐದು ಮುಖಗಳಲ್ಲಿ ಕೆಲಸವಿದೆ, ಜೊತೆಗೆ ಎರಡು ದಿಕ್ಕಿಗೂ ವಾಲಿದ ಒಂದು ಪೋರ್ಟ್ (ದ್ರವ ಅಥವಾ ಗಾಳಿ ಹಾಯುವ ತೂತು).

3 ಆಕ್ಸಿಸ್ ವಿಎಂಸಿಯಲ್ಲಿ (ಸ್ಪಿಂಡಲ್ ನೆಟ್ಟಗಿರುವ ಮಿಲ್ಲಿಂಗ್ ಮಷಿನ್) ಇದು ಆಗುತ್ತದೆ, ಆದರೆ ಪ್ರತಿ ಮುಖಕ್ಕೂ ವೈಸ್ ಬಿಚ್ಚಬೇಕು, ಮತ್ತೆ ಹಿಡಿಸಬೇಕು, ಡಯಲ್ ಗೇಜ್ ಹಾಕಿ ನೇರ ಕೂತಿದೆಯಾ ನೋಡಬೇಕು. ಒಂದೊಂದು ಸೆಟಪ್‌ನಲ್ಲಿ ಸೇರುವ ಚೂರುಪಾರು ತಪ್ಪು ಕೊನೆಗೆ ಎದುರುಬದುರು ಬೋರ್‌ಗಳಲ್ಲಿ ಕಾಣಿಸುತ್ತದೆ. ವಾಲಿದ ಪೋರ್ಟ್‌ಗೆ ಬೇರೆ ಫಿಕ್ಸ್ಚರೇ (ಆ ಜಾಬ್‌ಗೆಂದೇ ಮಾಡಿದ ಹಿಡಿಕೆ) ಬೇಕು. ಪ್ಲೇಟ್ ಕೆಲಸ ಜಾಸ್ತಿ ಇರುವವರಿಗೆ ಮಾತ್ರ ಇವತ್ತಿಗೂ 3 ಆಕ್ಸಿಸೇ ಸರಿ.

ಅದೇ ವಿಎಂಸಿ ಮೇಲೆ ರೋಟರಿ ಟೇಬಲ್ ಕೂರಿಸಿದರೆ ನಾಲ್ಕು ಮುಖಗಳು ಒಂದೇ ಹಿಡಿತದಲ್ಲಿ ಮುಗಿಯುತ್ತವೆ. ಶಾಫ್ಟ್, ಕ್ಯಾಮ್ ಥರದ ಜಾಬ್‌ಗೆ ಚೆನ್ನಾಗಿದೆ. ಎರಡು ದಿಕ್ಕಿಗೂ ವಾಲಿದ ನಮ್ಮ ಪೋರ್ಟ್ ಮಾತ್ರ ಹಾಗೇ ಉಳಿಯುತ್ತದೆ.

ಟ್ರನಿಯನ್ ಟೇಬಲ್ (ತೊಟ್ಟಿಲಂತೆ ವಾಲುವ, ತಾನೂ ಸುತ್ತುವ ಟೇಬಲ್) ಇರುವ ಮಷಿನ್‌ನಲ್ಲಿ 3+2 ಮಾಡಿದಾಗ ಕಂಡ ವ್ಯತ್ಯಾಸ ನಿಜಕ್ಕೂ ದೊಡ್ಡದು. ಸೆಟಪ್ ಕಡಿಮೆಯಾಯಿತು ಅನ್ನುವುದು ಅದರ ಒಂದು ಭಾಗ ಅಷ್ಟೇ. ಜಾಬನ್ನು ವಾಲಿಸಿದ್ದರಿಂದ ಪೋರ್ಟ್ ಒಳಗೆ ಗಿಡ್ಡ ಎಂಡ್ ಮಿಲ್ (ಕತ್ತರಿಸುವ ಟೂಲ್) ಇಳಿಸಲು ಆಯಿತು. ಟೂಲ್ ಹೊರಚಾಚಿದ ಉದ್ದ ಎರಡರಷ್ಟಾದರೆ, ಅದೇ ಬಲಕ್ಕೆ ಅದು ಬಾಗುವುದು ಎಂಟರಷ್ಟು. ಉದ್ದ ಟೂಲ್ ಹಾಕಿದ್ದಾಗ ಪೋರ್ಟ್ ಗೋಡೆ ಮೇಲೆ ಉಗುರಿಗೆ ಸಿಗುವಂಥ ಚಾಟರ್ (ಟೂಲ್ ನಡುಗಿ ಬಿದ್ದ) ಗೆರೆಗಳು ಇದ್ದವು. ಗಿಡ್ಡ ಟೂಲ್‌ನಲ್ಲಿ ಬೆರಳು ಸುಮ್ನೆ ಜಾರಿತು. ಕಟಿಂಗ್ ವೇಳೆ ಎರಡೂ ರೋಟರಿ ಆಕ್ಸಿಸ್ ಬ್ರೇಕ್ ಹಾಕಿ ನಿಂತಿರುವುದರಿಂದ ಬಿಗಿತವೂ ಚೆನ್ನಾಗಿರುತ್ತದೆ.

ಇನ್ನು ಪೂರ್ತಿ 5 ಆಕ್ಸಿಸ್. ಇಂಪೆಲ್ಲರ್ (ಪಂಪಿನ ರೆಕ್ಕೆಚಕ್ರ), ಬ್ಲೇಡ್, ಬಾಗಿದ ಇಂಟೇಕ್ ಪೋರ್ಟ್ ಇಂಥವಕ್ಕೆ ಹೆಚ್ಚಾಗಿ ಬೇಕಾಗುವುದು ಇದೇ. ನಮ್ಮ ಹೌಸಿಂಗ್‌ಗೆ ಅದರಿಂದ ಸಿಕ್ಕಿದ್ದು ಒಳಗೆ ತೂತುಗಳು ಸೇರುವ ಅಂಚಿನ ಬರ್ (ಕಟಿಂಗ್ ನಂತರ ಉಳಿಯುವ ಚೂಪು ಲೋಹ) ತೆಗೆಯುವ ಅನುಕೂಲ, ಅಷ್ಟೇ. ಬದಲಿಗೆ ಒಂದು ಹೊಸ ತಲೆನೋವು ಬಂತು. ಟೂಲ್ ಹೆಚ್ಚುಕಡಿಮೆ ನೆಟ್ಟಗೆ ನಿಂತ ಜಾಗ ದಾಟುವಾಗ, ಸ್ವಲ್ಪ ವಾಲು ಬದಲಾದರೂ ಸಿ ಆಕ್ಸಿಸ್ (ಟೇಬಲ್ ಸುತ್ತುವ ಆಕ್ಸಿಸ್) ಗಿರ್ರನೆ ತಿರುಗಬೇಕಾಗುತ್ತದೆ. ಫೀಡ್ (ಟೂಲ್ ಮುಂದೆ ಸಾಗುವ ವೇಗ) ಕುಸಿದು ಅಲ್ಲಿ ಕಲೆ ಬೀಳುತ್ತದೆ. ಟೂಲ್‌ಗೆ ಮೊದಲಿಂದಲೇ ಕೆಲವು ಡಿಗ್ರಿ ವಾಲು ಕೊಟ್ಟರೆ ಈ ತೊಂದರೆ ತಪ್ಪುತ್ತದೆ. ದುಂಡು ತುದಿಯ ಟೂಲ್ ಆದ ಬಾಲ್ ನೋಸ್‌ಗಂತೂ ವಾಲು ಇದ್ದರೇ ಒಳ್ಳೆಯದು, ಯಾಕಂದ್ರೆ ಅದರ ತುದಿಯ ನಟ್ಟನಡುವೆ ಕಟಿಂಗ್ ವೇಗ ಸೊನ್ನೆ. ಅಲ್ಲಿ ಲೋಹ ಉಜ್ಜಿಹೋಗುತ್ತದೆಯೇ ಹೊರತು ಕತ್ತರಿಸುವುದಿಲ್ಲ.

ಟೂಲ್ ಸಾಗುವ ಹಾದಿ (ಟೂಲ್‌ಪಾತ್) ಲೆಕ್ಕ ಹಾಕುವ ಕ್ಯಾಮ್ ಸಾಫ್ಟ್‌ವೇರ್‌ನಲ್ಲಿ ನಾನು ಹೆಚ್ಚು ಬಳಸಿ ನೋಡಿದ್ದು ಫ್ಯೂಷನ್ ಮತ್ತು ಮಾಸ್ಟರ್‌ಕ್ಯಾಮ್. 3+2 ಕೆಲಸಕ್ಕೆ ನನ್ನ ಮತ ಫ್ಯೂಷನ್‌ಗೆ. ಮಾಡೆಲ್ ಮತ್ತು ಟೂಲ್‌ಪಾತ್ ಒಂದೇ ಫೈಲ್‌ನಲ್ಲಿ ಇರುತ್ತವೆ. ಬೋರ್ ಸೈಜ್ ಬದಲಾದರೆ ಟೂಲ್‌ಪಾತ್ ಮರುಲೆಕ್ಕ ಮಾಡಿಸಿದರೆ ಸಾಕು. ವಾಲಿದ ಮುಖವನ್ನು ಆರಿಸಿ ಟೂಲ್ ದಿಕ್ಕು ಕೊಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ಒಂದು ಎಚ್ಚರ: ವೈಯಕ್ತಿಕ ಬಳಕೆಯ ಉಚಿತ ಲೈಸೆನ್ಸ್‌ನಲ್ಲಿ ರ‍್ಯಾಪಿಡ್ ಚಲನೆಗಳೂ (ಕತ್ತರಿಸದೆ ಬೇಗ ಸರಿಯುವವು) ಫೀಡ್ ವೇಗದಲ್ಲೇ ಬರುತ್ತವೆ. ಅದನ್ನಿಟ್ಟುಕೊಂಡು ಸೈಕಲ್ ಟೈಮ್ ಅಳೆಯಬೇಡಿ.

ಬ್ಲೇಡ್, ಪೋರ್ಟ್ ಬಂದರೆ ನಾನು ಮಾಸ್ಟರ್‌ಕ್ಯಾಮ್‌ಗೆ ಹೋಗುತ್ತೇನೆ. ಟೂಲ್ ಎಲ್ಲಿ ಎಷ್ಟು ವಾಲಬೇಕು, ಯಾವ ಕೋನ ದಾಟಬಾರದು, ಹೋಲ್ಡರ್ ಗೋಡೆಗೆ ತಾಗುವಂತಿದ್ದರೆ ಯಾವ ಕಡೆ ಸರಿಯಬೇಕು, ಇದೆಲ್ಲ ನಮ್ಮ ಕೈಯಲ್ಲಿರುತ್ತದೆ. ಕಲಿಯಲು ಜಾಸ್ತಿ ಸಮಯ ಹಿಡಿಯುತ್ತದೆ, ಮೆನುಗಳಲ್ಲಿ ಹುಡುಕಾಟವೂ ಜಾಸ್ತಿ. ಆದರೂ ಇಂಥ ಜಾಬ್‌ಗೆ ಆ ಶ್ರಮ ಸಾರ್ಥಕ. ಫ್ರೀಕ್ಯಾಡ್ ಅನ್ನೂ ನೋಡಿದೆ. 3 ಆಕ್ಸಿಸ್ ಕೆಲಸಕ್ಕೆ ಬಳಸಬಹುದು, ಅದರಾಚೆಗೆ ನಾನು ನೆಚ್ಚಿಕೊಳ್ಳುವುದಿಲ್ಲ.

ಮಷಿನ್, ಸಾಫ್ಟ್‌ವೇರ್ ಎರಡಕ್ಕಿಂತಲೂ ಮುಖ್ಯವಾದದ್ದು ಪೋಸ್ಟ್ ಪ್ರೊಸೆಸರ್, ಅಂದರೆ ಟೂಲ್‌ಪಾತನ್ನು ಮಷಿನ್ ಓದುವ ಕೋಡ್ ಆಗಿ ಬದಲಾಯಿಸುವ ಪ್ರೋಗ್ರಾಂ. ಸ್ಕ್ರೀನ್ ಮೇಲೆ ಎಷ್ಟೇ ಚಂದ ಓಡಿದರೂ ಮಷಿನ್ ಓದುವುದು ಪೋಸ್ಟ್ ಬರೆದ ಕೋಡ್ ಅನ್ನು ಮಾತ್ರ. ಕೊಂಡು ತಂದ ಒಂದು ಪೋಸ್ಟ್‌ನಲ್ಲಿ ಹೀಗಾಗಿತ್ತು: ಒಂದು ಸಾಲಿನಲ್ಲಿ ಸಿ359, ಮುಂದಿನ ಸಾಲಿನಲ್ಲಿ ಸಿ1. ಟೇಬಲ್ 2 ಡಿಗ್ರಿ ಮುಂದೆ ಹೋಗುವ ಬದಲು 358 ಡಿಗ್ರಿ ಹಿಂದಕ್ಕೆ ಸುತ್ತಲು ಹೊರಟಿತು, ಅದೂ ಕೋಡ್ ಪ್ರಕಾರ ಟೂಲ್ ಇನ್ನೂ ಜಾಬ್ ಒಳಗಿರಬೇಕಾದಾಗ! ಗಾಳಿಯಲ್ಲಿ ಡ್ರೈ ರನ್ (ಏನೂ ಕತ್ತರಿಸದ ಓಟ) ಮಾಡುತ್ತಿದ್ದರಿಂದ ಏನೂ ಮುರಿಯಲಿಲ್ಲ. ಹಾಗಾಗಿ ಪೋಸ್ಟ್ ಆದ ಕೋಡನ್ನೇ ಓದಿ ಪರೀಕ್ಷಿಸುವ ವೆರಿಕಟ್ ಥರದ ಸಿಮ್ಯುಲೇಷನ್ ಇದ್ದರೆ ಬಹಳ ಒಳ್ಳೆಯದು. ಇಲ್ಲವಾದರೆ ಟೇಬಲ್ ತಿರುಗುವ ಪ್ರತಿ ಸಾಲಿಗೂ ಮುಂಚೆ ಟೂಲ್ ಮೇಲೆ ಬರುತ್ತದಾ ಅಂತ ಕೋಡ್‌ನಲ್ಲೇ ನೋಡಿಕೊಳ್ಳಿ.

ಮಷಿನ್ ನೋಡಲು ಹೋದಾಗ ಕಂಟ್ರೋಲ್‌ನ ಆಪ್ಷನ್ ಪಟ್ಟಿ ತರಿಸಿ ಓದಿ. ವಾಲಿದ ಮುಖ ಮತ್ತು ಟೂಲ್ ತುದಿಯ ಜಾಗವನ್ನು ಕಂಟ್ರೋಲೇ (ಮಷಿನ್ ನಡೆಸುವ ಕಂಪ್ಯೂಟರ್) ಲೆಕ್ಕ ಹಾಕುವ ಆಜ್ಞೆಗಳು ಅದರಲ್ಲಿ ಇರಬೇಕು. ಫ್ಯಾನುಕ್ ಆದರೆ 3+2ಗೆ ಜಿ68.2, ಪೂರ್ತಿ 5 ಆಕ್ಸಿಸ್‌ಗೆ ಜಿ43.4. ಸೀಮೆನ್ಸ್‌ನಲ್ಲಿ ಸೈಕಲ್800 ಮತ್ತು ಟ್ರಾವೊರಿ, ಹೈಡನ್‌ಹೈನ್‌ನಲ್ಲಿ ಪ್ಲೇನ್ ಮತ್ತು ಎಂ128. ಇವು ಇಲ್ಲದಿದ್ದರೆ ಜಾಬ್ ಸ್ವಲ್ಪ ಆಚೀಚೆ ಕೂತರೂ ಕ್ಯಾಮ್‌ಗೆ ವಾಪಸ್ ಹೋಗಿ ಮತ್ತೆ ಪೋಸ್ಟ್ ಮಾಡಬೇಕಾಗುತ್ತದೆ.

ರೋಟರಿ ಆಕ್ಸಿಸ್ ಎಷ್ಟು ನಿಖರ ಅಂತಲೂ ಕೇಳಿ. 0.01 ಡಿಗ್ರಿ ಅಂದರೆ ಸಣ್ಣದು ಅನಿಸುತ್ತದೆ ಅಲ್ವಾ? ಕೇಂದ್ರದಿಂದ 100 ಮಿಮೀ ದೂರದಲ್ಲಿ ಅದು ಸುಮಾರು 17 ಮೈಕ್ರಾನ್ ತಪ್ಪು. ತಿರುಗುವ ಕೇಂದ್ರವನ್ನು ಪ್ರೋಬ್‌ನಿಂದ (ಮುಟ್ಟಿ ಅಳೆಯುವ ಸಾಧನ) ಆಗಾಗ ಅಳೆದು ಸರಿಪಡಿಸುವ ಸೈಕಲ್ ಇರಲೇಬೇಕು. ಭಾರದ ಜಾಬ್ ಇದ್ದರೆ ಟೇಬಲ್ ವಾಲುವ ಮಷಿನ್‌ಗಿಂತ ಹೆಡ್ ವಾಲುವ ಮಷಿನ್ ವಾಸಿ. ಟ್ರನಿಯನ್ನೇ ತಗೊಳ್ಳುವುದಾದರೆ ಜಾಬನ್ನು ಟೇಬಲ್‌ನಿಂದ ಎತ್ತರಿಸಿ ಹಿಡಿಯುವ ವೈಸ್‌ಗೂ ದುಡ್ಡು ಎತ್ತಿಡಿ. ಟೇಬಲ್‌ಗೆ ಅಂಟಿಕೊಂಡಂತೆ ಹಿಡಿದರೆ 90 ಡಿಗ್ರಿ ವಾಲಿಸಿದಾಗ ಸ್ಪಿಂಡಲ್ ಮೂತಿ ಟೇಬಲ್‌ಗೆ ತಾಗುತ್ತದೆ. ಆಗ ಮತ್ತೆ ಉದ್ದ ಟೂಲೇ ಹಾಕಬೇಕಾಗುತ್ತದೆ.