ಹವಾಯಿಯೋ, ಮಿಸೌರಿಯೋ? ಬಂದೂಕಿನ ಲೆಕ್ಕ

ಅಮೆರಿಕದ ಈ ಎರಡು ರಾಜ್ಯಗಳಲ್ಲಿ ಎಲ್ಲಿ ಮನೆ ಮಾಡೋಣ ಎನ್ನುವವರು ಬಂದೂಕಿನ ಕಾನೂನನ್ನೂ ನೋಡಿಕೊಳ್ಳಿ.

ಮಿಸೌರಿಯಲ್ಲಿ 2017ರಿಂದ ಪರ್ಮಿಟ್ ಇಲ್ಲದೆಯೇ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಬಹುದು. ಕೆಲವು ಫೆಡರಲ್ (ಕೇಂದ್ರ ಸರ್ಕಾರದ) ಬಂದೂಕು ಕಾನೂನು ಜಾರಿಮಾಡುವ ಸ್ಥಳೀಯ ಪೊಲೀಸ್ ಇಲಾಖೆಗೆ 50,000 ಡಾಲರ್ ದಂಡ ಎಂದು 2021ರಲ್ಲಿ ಶಾಸನವನ್ನೇ ತಂದರು. 2024ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಅದು ಅಸಾಂವಿಧಾನಿಕ ಎಂದಿತು.

ಹವಾಯಿಯದು ಉಲ್ಟಾ ಜಗಳ. ಕೊಳ್ಳಲೂ ಪರ್ಮಿಟ್, ಒಯ್ಯಲೂ ಪರ್ಮಿಟ್. ಮನೆಯಾಚೆ ಬಂದೂಕು ಒಯ್ಯುವ ಹಕ್ಕನ್ನು 2022ರ ಬ್ರೂಯೆನ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಆದರೂ 2024ರಲ್ಲಿ ಹವಾಯಿ ಸುಪ್ರೀಂ ಕೋರ್ಟು ತನ್ನ ರಾಜ್ಯದ ಸಂವಿಧಾನದಲ್ಲಿ ಅಂಥ ಹಕ್ಕಿಲ್ಲ ಎಂದಿತು, ಪ್ರೀತಿ, ಸೌಹಾರ್ದದ 'ಅಲೋಹಾ' ಮನೋಭಾವವನ್ನೇ ಮುಂದಿಟ್ಟು! ನನಗಂತೂ ಹವಾಯಿಯೇ ವಾಸಿ.

ಎಚ್-1ಬಿ ವೀಸಾದವರಿಗೆ ಎಲ್ಲಿದ್ದರೂ ಒಂದೇ: ಬೇಟೆ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದಿದ್ದರೆ ಫೆಡರಲ್ ಕಾನೂನೇ ಬಂದೂಕು ಇಟ್ಟುಕೊಳ್ಳಲು ಬಿಡದು.